ಲಕ್ಷದಲ್ಲಿ ಹದಿನೈದು ರೂಪಾಯಿ: ಎಕ್ಸೆಲ್‌ನಲ್ಲಿ ಗ್ರಹ ಹುಡುಕುವ ಬಗೆ

ಹಗಲು ನನ್ನದು ಅಂಗಡಿಗಳ ಜಿಎಸ್‌ಟಿ ಲೆಕ್ಕ. ರಾತ್ರಿ ಅದೇ ಎಕ್ಸೆಲ್‌ನಲ್ಲಿ ನಕ್ಷತ್ರದ ಬೆಳಕಿನ ಲೆಕ್ಕ.

ಹೊಸಬರು ನಾಸಾದ ಕೆಪ್ಲರ್ ದೂರದರ್ಶಕ ನೋಡಿದ ಕೆಪ್ಲರ್-10 ನಕ್ಷತ್ರದಿಂದ ಶುರು ಮಾಡಿ. ಅದರ ಗ್ರಹ ಕೆಪ್ಲರ್-10ಬಿ ಸುಮಾರು 20 ಗಂಟೆಗೊಮ್ಮೆ ನಕ್ಷತ್ರದ ಮುಂದೆ ಹಾಯುತ್ತದೆ. ಆಗ ಬೆಳಕು ಇಳಿಯುವುದು ಶೇಕಡ 0.015ರಷ್ಟು. ಲಕ್ಷ ರೂಪಾಯಿ ಕ್ಯಾಶಿನಲ್ಲಿ 15 ರೂಪಾಯಿ ಕಮ್ಮಿ ಬಂದ ಹಾಗೆ. ಗ್ರಾಫ್ ಹಾಕಿದರೆ ಬರೀ ಗೀಚು ಕಾಣುತ್ತದೆ.

ನಾಸಾದ ಮಾಸ್ಟ್ (MAST) ಎಂಬ ಆನ್‌ಲೈನ್ ಸಂಗ್ರಹದಲ್ಲಿ ಈ ಬೆಳಕಿನ ಅಂಕಿಗಳು ಪುಕ್ಕಟೆ ಸಿಗುತ್ತವೆ. ಅವು ಇರುವುದು ಖಗೋಳದವರು ಬಳಸುವ ಫಿಟ್ಸ್ ಫೈಲಿನಲ್ಲಿ; ಅದನ್ನು ಎಕ್ಸೆಲ್ ಓದುವ ಸಿಎಸ್‌ವಿ ಮಾಡಿಕೊಳ್ಳಿ. ಅರ್ಧ ಗಂಟೆಗೊಂದು ಸಾಲು. 90 ದಿನಕ್ಕೆ ಹತ್ತಿರಹತ್ತಿರ 4,400.

ಮೊದಲು ನಿಧಾನದ ಏರಿಳಿತ ತೆಗೆಯಬೇಕು. ಪ್ರತಿ ಸಾಲನ್ನೂ ಅದರ ಸುತ್ತಲಿನ ಒಂದು ದಿನದ, ಅಂದರೆ 49 ಸಾಲಿನ, ಮೀಡಿಯನ್‌ನಿಂದ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಭಾಗಿಸಿ. ನಾನು ಜಾಣತನ ಮಾಡಿ 5 ಸಾಲಿನ ಮೀಡಿಯನ್ ಹಾಕಿದ್ದೆ. ಗ್ರಹ ಹಾಯುವುದೇ ಎರಡು ಗಂಟೆಯೊಳಗೆ, ಮೂರು-ನಾಲ್ಕು ಸಾಲು. ಗದ್ದಲದ (ಅಂಕಿಗಳ ಅಡ್ಡಾದಿಡ್ಡಿ ಏರಿಳಿತದ) ಜೊತೆ ಗ್ರಹವನ್ನೂ ಒರೆಸಿ ಹಾಕಿದ್ದೆ! ಎರಡು ರಾತ್ರಿ ದಂಡ.

ಈಗ ಮಡಚುವುದು, ಅಂದರೆ ಗ್ರಹದ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಇಡುವುದು. ದಿನಗಳಲ್ಲಿರುವ ಸಮಯವನ್ನು ಗ್ರಹದ ಒಂದು ಸುತ್ತಿನ ಅವಧಿಯಾದ 0.8375ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಶೇಷದ ಪ್ರಕಾರ ಸಾಲುಗಳನ್ನು 40 ಗುಂಪು ಮಾಡಿ ಸರಾಸರಿ ತೆಗೆಯಿರಿ. ಗುಂಪಿಗೆ ಸುಮಾರು 110 ಸಾಲು ಬರುತ್ತವೆ. ಗದ್ದಲ 110ರ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಹತ್ತನೇ ಒಂದು ಪಾಲಿಗೆ, ಇಳಿಯುತ್ತದೆ. ಗ್ರಹದ ಗುಂಡಿ (ಅದು ಹಾಯುವಾಗ ಬೆಳಕು ಇಳಿದ ಜಾಗ) ಮಾತ್ರ ಇದ್ದಷ್ಟೇ ಆಳ ಇರುತ್ತದೆ. ಅದು ಮೂಡಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಮಲ್ಕೊಳ್ಳಿ" ಅಂದಳು.

ಅವಧಿ ಗೊತ್ತಿಲ್ಲದಿದ್ದರೆ ಒಂದೊಂದೇ ಹಾಕಿ ನೋಡಬೇಕು. ಹೆಜ್ಜೆ ತುಂಬಾ ಸಣ್ಣದಿರಲಿ. 0.001 ದಿನ ತಪ್ಪಿದರೂ 90 ದಿನದ 107 ಸುತ್ತಿಗೆ ಎರಡೂವರೆ ಗಂಟೆ ಜಾರಿ ಗುಂಡಿ ಕದಡಿಹೋಗುತ್ತದೆ.

ಆದರೆ ಹತ್ತು ಸಾವಿರ ಅವಧಿ ಹಾಕಿದರೆ ಸುಮ್ನೆ ಯಾವುದೋ ಒಂದರಲ್ಲಿ ಗುಂಡಿ ಕಂಡೇ ಕಾಣುತ್ತದೆ, ಅಲ್ವಾ? ಅದಕ್ಕೇ ಬೆಳಕಿನ ಕಾಲಮ್ಮನ್ನು ಇಸ್ಪೀಟಿನ ಹಾಗೆ ಕಲಸಿ, ಅದೇ ಹುಡುಕಾಟ ಮತ್ತೆ ನಡೆಸಿ, ಸಿಕ್ಕ ಅತಿ ಆಳದ ಗುಂಡಿಯನ್ನು ಬರೆದಿಡಿ. ಕಲಸಿದ ಮೇಲೆ ಗ್ರಹದ ಲಯ ಉಳಿಯದು, ಸಿಕ್ಕಿದ್ದು ಬರೀ ಗದ್ದಲದ ಗುಂಡಿ. ಒಂದೊಂದು ಸಾಲನ್ನೂ ಕಲಸಬೇಡಿ, ಒಂದೊಂದು ದಿನದ ತುಂಡುಗಳನ್ನು ಕಲಸಿ. ಅಕ್ಕಪಕ್ಕದ ಸಾಲುಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಆ ಅಂಟು ಹಾಗೇ ಉಳಿಯಬೇಕು. ಹೀಗೆ ನೂರು ಸಲ. ನಿಮ್ಮ ಗುಂಡಿ ಆ ನೂರಕ್ಕಿಂತಲೂ ಆಳ ಇದ್ದರೆ ಮುಂದೆ ಹೋಗಿ. ಕೆಪ್ಲರ್ ತಂಡ ಇನ್ನೂ ಬಿಗಿ: ಲಕ್ಷಕ್ಕಿಂತ ಜಾಸ್ತಿ ನಕ್ಷತ್ರ ಜಾಲಾಡುತ್ತಿದ್ದರಿಂದ ಗದ್ದಲದ 7.1 ಪಟ್ಟು ಇಲ್ಲದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಈ ಕಲಸಾಟಕ್ಕೆ ಎಕ್ಸೆಲ್ ಕೈಚೆಲ್ಲುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಳ್ಳಿ.