ಡಯಲ್ ಮೇಲೆ ‘ಪೈಲಟ್’ ಎಂದಿದ್ದರೆ ಸಾಲದು

ಜೂನ್ ತಿಂಗಳ ಸೋನೆ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ದುರ್ಗಿಗುಡಿಯ ನನ್ನ ವಾಚ್ ರಿಪೇರಿ ಅಂಗಡಿಗೆ ಬಂದರು. ಕೊಡೆ ಮಡಚಿ, ಕರವಸ್ತ್ರದ ಗಂಟು ಬಿಚ್ಚಿ ಒಂದು ಹಳೆಯ ಎಚ್‌ಎಂಟಿ ಪೈಲಟ್ ವಾಚನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಮೊಮ್ಮಗಳು.

“ಇವಳು ವಿಮಾನ ಹಾರಿಸುವುದನ್ನು ಕಲಿಯಲು ಹೊರಟಿದ್ದಾಳೆ. ಈ ವಾಚು ಅವಳ ಕೈಯಲ್ಲಿರಲಿ ಎಂದು ನನಗೆ ಆಸೆ. ಪೈಲಟ್ ಎಂದು ಹೆಸರೇ ಬರೆದಿದೆಯಲ್ಲ, ನೋಡಿ” ಎಂದರು.

ಗಾಜಿನ ಒಳಗೆ ಹಬೆ ಕಟ್ಟಿತ್ತು. ಮಲೆನಾಡಿನಲ್ಲಿ ವಾಚ್ ರಿಪೇರಿಯವನಿಗೆ ಮಳೆಗಾಲವೇ ಸುಗ್ಗಿ. ಮುಚ್ಚಳ ತೆಗೆದರೆ ಕೀ ಕಡ್ಡಿಯ ಬುಡದಲ್ಲಿ ತುಕ್ಕು, ಹಲ್ಲುಚಕ್ರಗಳ ಮೇಲೆ ಒಣಗಿ ಅಂಟಾದ ಎಣ್ಣೆ. ಯಂತ್ರ ಮಾತ್ರ ಗಟ್ಟಿ ಆಸಾಮಿ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ತೆರೆದರು. ಆ ವಂಶದ 17 ಜ್ಯುವೆಲ್‌ನ, ಅಂದರೆ ತಿರುಗುವ ಕಡೆ ಸವೆಯದಂತೆ 17 ಸಣ್ಣ ಕಲ್ಲು ಕೂರಿಸಿದ, ಕೀ ಕೊಡುವ ಯಂತ್ರವಿದು. ಬಿಚ್ಚಿ ತೊಳೆದು, ಕಡ್ಡಿ ಬದಲಿಸಿ, ಎಣ್ಣೆ ಬಿಟ್ಟು ನಡೆ ಕೂಡಿಸಿದೆ. ದಿನಕ್ಕೆ ಎಂಟು ಸೆಕೆಂಡ್ ಮುಂದೆ ಹೋಗುತ್ತಿತ್ತು. ಅದರ ವಯಸ್ಸಿಗೆ ಇಷ್ಟು ಸಾಕು ಎಂದು ಬೀಗಿಕೊಂಡೆ.

ಒಯ್ಯಲು ಬಂದ ಹುಡುಗಿ ಪಕ್ಕದ ಕೀಯನ್ನು ಹೊರಗೆಳೆದು ನೋಡಿ, “ಅಂಕಲ್, ಸೆಕೆಂಡ್ ಮುಳ್ಳು ನಿಲ್ಲುವುದೇ ಇಲ್ಲವಲ್ಲ?” ಎಂದಳು.

ನಿಲ್ಲುವುದಿಲ್ಲ. ಕೀ ಎಳೆದು ತುಸುವೇ ಹಿಮ್ಮುಖವಾಗಿ ಒತ್ತಿ ಹಿಡಿದರೆ ಒಮ್ಮೊಮ್ಮೆ ನಿಲ್ಲುತ್ತದೆ. ಭದ್ರಾವತಿ ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಬರುವ ಪೀಪ್ ಸದ್ದಿಗೆ ನಾನು ಹಾಗೆಯೇ ಕೂಡಿಸುತ್ತಿದ್ದುದು. ಆದರೆ ಪೂರ್ತಿ ಕೀ ಕೊಟ್ಟಾಗ ಆ ಉಪಾಯ ನಡೆಯುವುದಿಲ್ಲ. “ಒಂದೆರಡು ಸೆಕೆಂಡ್ ಆಚೀಚೆಯಾದರೆ ಏನಮ್ಮ?” ಎಂದೆ. ಆಗ ಅವಳು ಕುಳಿತು ಹೇಳಿದ ಪಾಠ ಇದು: ವಿಮಾನವನ್ನು ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿಸಿದರೆ ಪೂರ್ತಿ ಸುತ್ತಿಗೆ ಎರಡು ನಿಮಿಷ, ಬಂದ ದಾರಿಗೇ ಮುಖ ಮಾಡಲು ಒಂದು ನಿಮಿಷ. ತಿರುಗುವಾಗ ದಿಕ್ಸೂಚಿಯ ಮುಳ್ಳು ಓಲಾಡಿ ಸುಳ್ಳು ಹೇಳುತ್ತದೆ. ಮೋಡದೊಳಗೆ ಸಿಕ್ಕಿ ಬೇರೆ ಉಪಕರಣ ಕೈಕೊಟ್ಟರೆ ಸೆಕೆಂಡ್ ಎಣಿಸಿಯೇ ತಿರುಗಬೇಕು. ಹತ್ತು ಸೆಕೆಂಡ್ ತಪ್ಪಿದರೆ 30 ಡಿಗ್ರಿ ತಪ್ಪಿತು.

ಮೂವತ್ತು ವರ್ಷ ವಾಚು ಬಿಚ್ಚಿದ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಪೈಲಟ್ ವಾಚೆಂದರೆ ಕಪ್ಪು ಡಯಲ್, ಬಿಳಿ ಅಂಕಿ ಎಂದಷ್ಟೇ ಎಣಿಸಿದ್ದೆ. ಹಾಗಾದರೆ ನಿಜವಾದದ್ದು ಯಾವುದು? ಆ ಪ್ರಶ್ನೆ ಮೂರು ತಿಂಗಳು ನನ್ನ ರಾತ್ರಿಗಳನ್ನು ನುಂಗಿತು.

ಮೊದಲು ಓದಿದೆ. ಬ್ರೆಜಿಲ್‌ನ ವೈಮಾನಿಕ ಸಾಂತೋಸ್ ದ್ಯುಮೋಂ, ಹಾರುವಾಗ ಜೇಬಿನಿಂದ ಗಡಿಯಾರ ತೆಗೆಯಲು ಕೈ ಬಿಡುವಿಲ್ಲವೆಂದು ಗೆಳೆಯ, ಪ್ಯಾರಿಸ್ಸಿನ ಆಭರಣ ವ್ಯಾಪಾರಿ ಲೂಯಿ ಕಾರ್ತಿಯೇ ಹತ್ತಿರ ಹೇಳಿಕೊಂಡದ್ದರಿಂದ 1904ರಲ್ಲಿ ಅವನಿಗೆಂದೇ ಕೈಗೆ ಕಟ್ಟುವ ವಾಚೊಂದು ಹುಟ್ಟಿತು. ಮೂಲ ಅಗತ್ಯ ಅಷ್ಟೇ: ಎರಡೂ ಕೈಗೆ ಕೆಲಸವಿರುವವನಿಗೆ ಒಂದು ನೋಟಕ್ಕೆ ಸಮಯ ಸಿಗಬೇಕು. ಎರಡನೆಯ ಮಹಾಯುದ್ಧದ ಜರ್ಮನ್ ವಾಯುಪಡೆಯ ದೊಡ್ಡ ವಾಚುಗಳನ್ನು ಎಲ್ಲರೂ ಪೈಲಟ್ ವಾಚಿನ ತಾಯಿ ಎನ್ನುತ್ತಾರೆ. ಲಾಂಗೆ, ಐಡಬ್ಲ್ಯೂಸಿ, ಲಾಕೋ, ಸ್ಟೋವಾ, ವೆಂಪೆ, ಹೀಗೆ ಐದು ಕಡೆಯವರು ಮಾಡಿದವು. ಅಗಲ 55 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ದೋಸೆ. ಒಳಗಿದ್ದದ್ದು ಜೇಬುಗಡಿಯಾರದ ಯಂತ್ರ. ಕೈಗವಸು ತೊಟ್ಟೂ ತಿರುಗಿಸಬಹುದಾದ ದಪ್ಪ ಕೀ, ಕೋಟಿನ ಮೇಲೆಯೇ ಕಟ್ಟುವಷ್ಟು ಉದ್ದದ ಚರ್ಮದ ಪಟ್ಟಿ. ಕೀ ಎಳೆದರೆ ಸೆಕೆಂಡ್ ಮುಳ್ಳು ಗಕ್ಕನೆ ನಿಲ್ಲುತ್ತಿತ್ತು. ತಮಾಷೆಯೆಂದರೆ ಆ ವಾಚು ಪೈಲಟ್‌ಗೆ ಕೊಟ್ಟದ್ದಲ್ಲ! ಅದು ಪಕ್ಕದಲ್ಲಿ ಕುಳಿತು ದಾರಿಯ ಲೆಕ್ಕ ಹಾಕುವವನದು. ನಕ್ಷತ್ರ ನೋಡಿ ತಾವು ಎಲ್ಲಿದ್ದೇವೆಂದು ಲೆಕ್ಕ ಹಾಕುವಾಗ ಗಡಿಯಾರ 4 ಸೆಕೆಂಡ್ ತಪ್ಪಿದರೆ ಸಮಭಾಜಕದ ಬಳಿ ಒಂದು ನಾಟಿಕಲ್ ಮೈಲಿ, ಅಂದರೆ ಸುಮಾರು 1.85 ಕಿಲೋಮೀಟರ್, ತಪ್ಪುತ್ತದೆ. ನಿಖರತೆಯ ಹಟವೆಲ್ಲ ಅಲ್ಲಿಂದ ಬಂದದ್ದು. ಹುಡುಗಿಗೆ ಅಂಥ ಹಟ ಬೇಕಿಲ್ಲ. ದಿನಕ್ಕೆ 24 ಸೆಕೆಂಡ್ ತಪ್ಪುವ ವಾಚು ಕೂಡ ಒಂದು ಗಂಟೆಯ ಹಾರಾಟದಲ್ಲಿ ತಪ್ಪುವುದು ಒಂದೇ ಸೆಕೆಂಡ್. ಅವಳಿಗೆ ಬೇಕಾದದ್ದು ಓದು ತಪ್ಪದ ಡಯಲ್.

ಸರಿ, ಒಂದನ್ನು ನಾನೇ ಕಟ್ಟುತ್ತೇನೆ ಎಂದು ಹಳೆಯ ಸಾಮಾನಿನ ಡಬ್ಬ ಸುರಿದೆ. ಸೆಕೆಂಡ್ ಮುಳ್ಳು ನಿಲ್ಲುವ ಹಳೆಯ ಸ್ವಿಸ್ ಯಂತ್ರವೊಂದು ಸಿಕ್ಕಿತು, ಅದು ಹಿಡಿಸುವ 40 ಮಿಲಿಮೀಟರ್‌ನ ಉಕ್ಕಿನ ಕೇಸೂ ಸಿಕ್ಕಿತು.

ಡಯಲ್‌ಗೆ ಮಿರುಗದ ಕಪ್ಪು ಬಣ್ಣ. ಮಿರುಗಿದರೆ ಬಿಸಿಲಿಗೆ ಅದು ಕನ್ನಡಿಯಾಗುತ್ತದೆ. 12ರ ಜಾಗದಲ್ಲಿ ಅಂಕಿಯ ಬದಲು ತ್ರಿಕೋನ, ಅದರ ಅಕ್ಕಪಕ್ಕ ಎರಡು ಚುಕ್ಕೆ. ಇದು ಅಲಂಕಾರವೆಂದು ನಾನೂ ನಂಬಿದ್ದೆ. ಅಂಗಡಿಯ ಹುಡುಗನಿಗೆ ವಾಚನ್ನು ಹೇಗೆಂದರೆ ಹಾಗೆ ತಿರುಗಿಸಿ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ತೋರಿಸಲು ಹೇಳಿದೆ. ತ್ರಿಕೋನವಿಲ್ಲದ ಡಯಲ್‌ನಲ್ಲಿ ಐದೂ ಮೂವತ್ತೈದನ್ನು ಹನ್ನೊಂದೂ ಐದು ಎಂದು ಓದಿದೆ. ತ್ರಿಕೋನವಿದ್ದಾಗ ಇಪ್ಪತ್ತು ಬಾರಿಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಕಣ್ಣು ಮೊದಲು ಹುಡುಕುತ್ತದೆ, ಸಮಯ ಆಮೇಲೆ.

ಕತ್ತಲಲ್ಲಿ ಹೊಳೆಯುವ ಪುಡಿ ನನ್ನ ಮಾನ ಕಳೆಯಿತು. ಹಿಂದಿನವರು ಬಳಿಯುತ್ತಿದ್ದದ್ದು ರೇಡಿಯಂ. ಅಂಥ ಹಳೆಯ ಡಯಲ್ ಬಂದರೆ ನಾನು ಕೆರೆಯಲು ಹೋಗುವುದಿಲ್ಲ, ಅದರ ಪುಡಿ ಶ್ವಾಸಕೋಶಕ್ಕೆ ಹೋಗುವ ವಿಷ. ಈಗಿನದು ಸ್ಟ್ರಾನ್ಷಿಯಂ ಅಲ್ಯೂಮಿನೇಟ್, ಬೆಳಕು ಕುಡಿದು ಕತ್ತಲಲ್ಲಿ ಉಗುಳುತ್ತದೆ, ಅಪಾಯವಿಲ್ಲ. ಆದರೆ ತೇವ ಕಂಡರೆ ಅದಕ್ಕಾಗದು. ಜುಲೈನಲ್ಲಿ, ಗೋಡೆಯೂ ಬೆವರುವ ದಿನ, ವಾರ್ನಿಷ್‌ನಲ್ಲಿ ಕಲಸಿ ಸೂಜಿತುದಿಯಿಂದ ಮುಳ್ಳಿಗೆ ತುಂಬಿದೆ. ಮಾರನೆಯ ದಿನ ಗಂಟು ಗಂಟಾಗಿ, ಹಳೆಯ ಸುಣ್ಣದಂತೆ ಸತ್ತು ಕುಳಿತಿತ್ತು. ಎಲ್ಲ ತೆಗೆದು, ರಟ್ಟಿನ ಪೆಟ್ಟಿಗೆಯೊಳಗೆ 40 ವಾಟ್ ಬಲ್ಬು ಉರಿಸಿ, ಪುಡಿಯನ್ನೂ ಡಯಲನ್ನೂ ಅಲ್ಲೇ ಒಣಗಿಸಿ ಎರಡನೆಯ ಬಾರಿ ಕೂತೆ. ಈ ಸಲ ಪುಡಿ ಹಿಡಿದುಕೊಂಡಿತು. ಪರೀಕ್ಷೆ ಆದದ್ದು ಭಾವನ ಮನೆಯ ಅಡಿಕೆ ಸುಲಿಯುವ ಚಪ್ಪರದಲ್ಲಿ. ನಡುರಾತ್ರಿ ಕರೆಂಟು ಹೋಗಿ, ಮೆಟ್ಟುಗತ್ತಿಯ ಮುಂದೆ ಕೂತವರೆಲ್ಲ ಕೈ ನಿಲ್ಲಿಸಿದಾಗ, “ಗಂಟೆ ಎಷ್ಟೋ?” ಎಂದು ಅತ್ತಿಗೆ ಕೇಳಿದರು. ಹನ್ನೆರಡೂ ನಲವತ್ತು ಎಂದು ಕೈಯಳತೆಯ ದೂರದಿಂದಲೇ ಹೇಳಿದೆ.

ಕಾಂತದ ಕಥೆ ಬೇರೆ. ರಾತ್ರಿಯಿಡೀ ಹಳೆಯ ರೇಡಿಯೋ ಸ್ಪೀಕರಿನ ಬೆನ್ನಿಗೆ ಒರಗಿಸಿಟ್ಟ ವಾಚು ಬೆಳಗ್ಗೆ ದಿನಕ್ಕೆ ನಾಲ್ಕು ನಿಮಿಷದ ವೇಗದಲ್ಲಿ ಮುಂದೋಡುತ್ತಿತ್ತು. ವಾಚಿನ ನಡೆ ಕಾಯುವ ಚಕ್ರವನ್ನು ಅತ್ತಿತ್ತ ಆಡಿಸುವ ಕೂದಲೆಳೆಯ ಹೇರ್‌ಸ್ಪ್ರಿಂಗ್‌ಗೆ ಕಾಂತ ಹಿಡಿದು, ಅದರ ಸುರುಳಿಗಳು ಒಂದಕ್ಕೊಂದು ಅಂಟಿ ಮೋಟಾದರೆ ಆ ಚಕ್ರ ಬೇಗ ಬೇಗ ಆಡುತ್ತದೆ. ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಅಗ್ಗದ ದಿಕ್ಸೂಚಿಯೊಂದನ್ನು ವಾಚಿನ ಮೇಲಿಡಿ, ಮುಳ್ಳು ನಡುಗಿದರೆ ಕಾಂತ ಹಿಡಿದಿದೆ ಎಂದು ಅರ್ಥ. ವಿಮಾನದಲ್ಲಿ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ, ರೇಡಿಯೋ ಎಲ್ಲ ಹತ್ತಿರದಲ್ಲೇ ಇರುತ್ತವೆ. ಅದಕ್ಕಾಗಿಯೇ ಬ್ರಿಟಿಷ್ ವಾಯುಪಡೆಗೆ 1948ರಿಂದ ಮಾಡಿದ ಐಡಬ್ಲ್ಯೂಸಿ ಮಾರ್ಕ್ 11ರಲ್ಲಿ ಯಂತ್ರವನ್ನು ಮೆದು ಕಬ್ಬಿಣದ ಗೂಡಿನೊಳಗೆ ಕೂರಿಸಿದ್ದರು. ನಾನು ಸುಟ್ಟುಹೋದ ಟ್ರಾನ್ಸ್‌ಫಾರ್ಮರ್‌ನ ತಗಡು ಕತ್ತರಿಸಿ ಹಿಂಬದಿ ಮುಚ್ಚಳದ ಕೆಳಗೆ ಇಟ್ಟೆ. ಏನೇನೂ ಉಪಯೋಗವಾಗಲಿಲ್ಲ. ಕೊಡೆ ಹಿಡಿದು ಮಳೆ ಪಕ್ಕದಿಂದ ಹೊಡೆದ ಹಾಗೆ. ಡಯಲ್‌ನ ಕೆಳಗೊಂದು ತಗಡು, ಸುತ್ತ ಬಳೆಯಂಥ ಪಟ್ಟಿ, ಹಿಂದೊಂದು ತಗಡು, ಮೂರೂ ಒಂದಕ್ಕೊಂದು ತಾಗುವಂತೆ ಮಾಡಿದ ಮೇಲೆ ಅದೇ ಸ್ಪೀಕರ್ ಅದನ್ನು ಕೆಲವೇ ಸೆಕೆಂಡ್ ಅಲುಗಿಸಿತು. ಇದಕ್ಕೇ ಒಂದು ತಿಂಗಳು ಹೋಯಿತು.

ಹೊರಗಿನ ಗಾಳಿಯ ಒತ್ತಡ ಇಳಿದಾಗ ಗಾಜು ಸಡಿಲವಾಗುತ್ತದೆಯೇ ಎಂಬ ಪರೀಕ್ಷೆಗೆ ಸೋಗಾನೆಯ ನಿಲ್ದಾಣದಿಂದ ವಿಮಾನ ಹತ್ತಬೇಕಾಗಲಿಲ್ಲ. ಪ್ರಯಾಣಿಕರ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಆರೆಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಸಿರುತ್ತಾರೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್, ಅಂದರೆ ಆರು ಸಾವಿರ ಅಡಿಗೂ ಮೇಲೆ. ಬೈಕಿನಲ್ಲಿ ಹೋಗಿ ಬಂದೆ, ಗಾಜು ಅಲುಗಲಿಲ್ಲ.

ಅಂಚಿನಲ್ಲಿ ಲೆಕ್ಕದ ಪಟ್ಟಿಯಿರುವ ಬ್ರೈಟ್ಲಿಂಗ್ ನ್ಯಾವಿಟೈಮರ್ 1952ರದು, ಜಗತ್ಪ್ರಸಿದ್ಧ. 90 ನಾಟ್, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿ ವೇಗದಲ್ಲಿ 36 ನಾಟಿಕಲ್ ಮೈಲಿಗೆ 24 ನಿಮಿಷ ಎಂದು ಆ ಅಂಚನ್ನು ತಿರುಗಿಸಿದರೆ ಅದು ಹೇಳುತ್ತದೆ. ಅದೇ ಮಾದರಿಯ ಒಂದು ವಾಚು ರಿಪೇರಿಗೆ ಬಂದಿದ್ದಾಗ, ಅದರ ಅಂಚಿನ ಪಟ್ಟಿಯನ್ನು ಅದೇ ಅಳತೆಗೆ ಕಾಗದದಲ್ಲಿ ತೆಗೆದುಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಓದಲು ಹೋದೆ. ಸಾಸಿವೆಯಷ್ಟು ಅಂಕಿಗಳು. ಮೂರನೆಯ ತಿರುವಿಗೆ ಹೊಟ್ಟೆ ತೊಳಸಿತು. ನೆಲದ ಮೇಲೆ ಕೂತು ಲೆಕ್ಕ ಹಾಕಲು ಚಂದ, ಅಷ್ಟೇ. ನನ್ನದರಲ್ಲಿ ಅದು ಬೇಡವೆಂದು ಬಿಟ್ಟೆ.

ಎರಡು ಸಮಯ ತೋರಿಸುವ 24 ಗಂಟೆಯ ಅಂಚನ್ನು ಹಾಕೋಣವೇ ಎಂಬ ಯೋಚನೆಯೂ ಬಂದಿತ್ತು. ರೋಲೆಕ್ಸ್‌ನವರು 1950ರ ದಶಕದಲ್ಲಿ ಪ್ಯಾನ್ ಆಮ್ ವಿಮಾನ ಸಂಸ್ಥೆಯ ಸಿಬ್ಬಂದಿಗೆಂದು ಮಾಡಿದ್ದು ಅಂಥದು. ಹವಾಮಾನ ವರದಿಯಿಂದ ಹಿಡಿದು ವಿಮಾನದ ವ್ಯವಹಾರವೆಲ್ಲ ಗ್ರೀನಿಚ್‌ನ ಲೆಕ್ಕದಲ್ಲೇ ನಡೆಯುತ್ತದೆ. ಆದರೆ ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಂಟೆಗೊಂದು ಹಲ್ಲಿನಂತೆ ಕಟಕಟ ಎಂದು ತಿರುಗುವ ಅಂಚು ನಮ್ಮ ಆ ಅರ್ಧ ಗಂಟೆಯಲ್ಲಿ ನಿಲ್ಲುವುದೇ ಇಲ್ಲ. ಹುಡುಗಿಗೆ ಹೇಳಿದಾಗ ನಕ್ಕು, “ನಾನು ವಾಚನ್ನೇ ಗ್ರೀನಿಚ್‌ಗೆ ಕೂಡಿಸಿಕೊಳ್ಳುತ್ತೇನೆ ಅಂಕಲ್, ಊಟದ ಹೊತ್ತು ಹೊಟ್ಟೆಗೆ ಗೊತ್ತಾಗುತ್ತದೆ” ಎಂದಳು.

ಪಟ್ಟಿಯನ್ನು ಪರಿಚಯದ ಚಮ್ಮಾರರೊಬ್ಬರು ಹೊಲಿದುಕೊಟ್ಟರು. ಒಂದೇ ಉದ್ದ ತುಂಡು, ವಾಚಿನ ಕೆಳಗೆ ಹಾದು ಹೋಗುವಂಥದು. ಒಂದು ಬದಿಯ ಪಿನ್ನು ಮುರಿದರೂ ವಾಚು ಕೈಯಿಂದ ಬೀಳುವುದಿಲ್ಲ.

ನವರಾತ್ರಿಗೆ ಅಜ್ಜ, ಮೊಮ್ಮಗಳು ಇಬ್ಬರೂ ಬಂದರು. ಎರಡೂ ವಾಚುಗಳನ್ನು ಪಕ್ಕಪಕ್ಕ ಇಟ್ಟೆ. ಅಜ್ಜ ತಮ್ಮದನ್ನೇ ಎತ್ತಿ ಕಿವಿಗೆ ಹಿಡಿದು, “ಹಾಗಾದರೆ ಇದು ಪೈಲಟ್ ಅಲ್ಲವೇ ರಾಯರೇ?” ಎಂದರು. “ಮುಖ ಪೈಲಟ್‌ದೇ ಯಜಮಾನರೇ, ಒಳಗೆ ಮಾತ್ರ ನಿಮ್ಮ ಹಾಗೆ ನೆಲ ಬಿಟ್ಟು ಹೋಗದ ಮನುಷ್ಯ” ಎಂದೆ. ಕೈಗೆ ಕಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಹುಡುಗಿ ಹಾರುವಾಗ ಹೆಚ್ಚಾಗಿ ನೋಡುವುದು ವಿಮಾನದಲ್ಲೇ ಇರುವ ಗಡಿಯಾರವನ್ನು. ನನ್ನದು ಎರಡನೆಯ ಸಾಕ್ಷಿ. ಹೋದ ವಾರ ಫೋನು ಬಂತು: “ಅಂಕಲ್, ದಿನಕ್ಕೆ ಆರು ಸೆಕೆಂಡ್ ಮುಂದೆ ಹೋಗುತ್ತಿದೆ. ಬಿಚ್ಚಿಸಲೇ?” ಬೇಡ ಎಂದೆ. ಆರೂ ಭಂಗಿಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಬರೆದಿಟ್ಟ ಚೀಟಿ ನನ್ನ ಡ್ರಾಯರಿನಲ್ಲಿದೆ. ಕೀ ಮೇಲೆ ಬರುವಂತೆ ನಿಲ್ಲಿಸಿಟ್ಟರೆ ಈ ವಾಚು ರಾತ್ರಿಗೆ ಐದು ಸೆಕೆಂಡ್ ಹಿಂದೆ ಬೀಳುತ್ತದೆ. ಮಲಗುವಾಗ ಹಾಗೆ ಒರಗಿಸಿಡು ಎಂದು ಹೇಳಿದ್ದೇನೆ.