ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಸೈಕಲ್: ಕಾರುಗಳ ಕಾಟವಿಲ್ಲದ ಮಾರ್ಗ ಹುಡುಕುವುದು ಹೇಗೆ?

ರೆಡಿಂಗ್, ಸ್ವಿಂಡನ್, ಆಕ್ಸ್‌ಫರ್ಡ್ ಕಡೆ ಇರುವ ನಮ್ಮವರು ಎಷ್ಟೋ ಜನ ಬೇಸಿಗೆ ಬಂತೆಂದರೆ ಹೊಸ ಸೈಕಲ್ ಕೊಳ್ಳುತ್ತಾರೆ. ಫೋನಿನಲ್ಲಿ ಎರಡು ಊರಿನ ಹೆಸರು ಹಾಕಿ, ಅದು ತೋರಿಸಿದ ಗೆರೆ ಹಿಡಿದು ಹೊರಡುತ್ತಾರೆ. ಸ್ವಲ್ಪ ಹೊತ್ತಿಗೇ ಲಾರಿಗಳು ಮೈಸವರಿಕೊಂಡು ಹೋಗುವ ರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಆ ಸೈಕಲ್ ಶೆಡ್ಡಿನಿಂದ ಹೊರಗೆ ಬರುವುದೇ ಇಲ್ಲ. ಇದನ್ನು ನೋಡಿ ನೋಡಿ ಬೇಸರವಾಗಿದೆ. ಅದೇ ಎರಡು ಊರುಗಳ ನಡುವೆ, ಎರಡೂ ಬದಿ ಬೇಲಿಗಿಡ ಬೆಳೆದ, ಕುರಿಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲದ ದಾರಿಯೂ ಇರುತ್ತದೆ. ಅದನ್ನು ಹಿಂದಿನ ದಿನವೇ ನಕ್ಷೆ ಹರಡಿಕೊಂಡು ಕೂತು ನೀವೇ ಹುಡುಕಬೇಕು.

ಉದಾಹರಣೆಗೆ ಕಾಟ್ಸ್‌ವಲ್ಡ್ಸ್ ಪ್ರದೇಶವನ್ನೇ ತೆಗೆದುಕೊಳ್ಳೋಣ. ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳ ಈ ಗುಡ್ಡನಾಡು 1966ರಿಂದ ಸಂರಕ್ಷಿತ ಪ್ರದೇಶ. ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ನೇರ ರೈಲೂ ಇದೆ.

1. ಕಾಗದದ ನಕ್ಷೆ ಕೊಳ್ಳಿ

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ ನಕ್ಷೆಯೇ ಬೇಕು. ಈ ಭಾಗಕ್ಕೆ 163ನೇ ಹಾಳೆ, ಉತ್ತರದ ಮೋರ್ಟನ್-ಇನ್-ಮಾರ್ಷ್ ಕಡೆಗೆ 151. ಅಳತೆ 1:50,000, ಅಂದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ ನಡೆಯುವವರಿಗೆ ಚೆನ್ನ. ಅದರಲ್ಲಿ ಪ್ರತಿ ಹೊಲದ ಅಂಚೂ ಕಾಣುತ್ತದೆ, ಸೈಕಲ್ ಮಾರ್ಗ ಹಾಕುವವರಿಗೆ ವಿವರ ಜಾಸ್ತಿಯಾಗುತ್ತದೆ.

ಈ ನಕ್ಷೆಯಲ್ಲಿ ಹಳದಿ ರಸ್ತೆಗಳು ಎರಡು ಥರ ಇರುತ್ತವೆ. ದಪ್ಪ ಹಳದಿ ಎಂದರೆ ಸಾಮಾನ್ಯವಾಗಿ 4 ಮೀಟರ್‌ಗಿಂತ ಅಗಲ, ತೆಳು ಹಳದಿ ಎಂದರೆ ಅದಕ್ಕಿಂತ ಕಡಿಮೆ. ನಿಮಗೆ ಬೇಕಾದದ್ದು ತೆಳು ಹಳದಿ. ರಸ್ತೆಯ ಮೇಲೆ ಬಾಣದ ಗುರುತು ಇದ್ದರೆ ಕಡಿದಾದ ಏರು ಎಂದು ಅರ್ಥ. ಒಂದು ಬಾಣಕ್ಕೆ 14ರಿಂದ 20 ಶೇಕಡಾ, ಜೋಡಿ ಬಾಣಕ್ಕೆ 20ಕ್ಕಿಂತ ಹೆಚ್ಚು. ಬಾಣದ ಮೊನೆ ಯಾವಾಗಲೂ ಇಳಿಜಾರಿನ ಕಡೆಗೆ.

2. ನೆಲದ ಓಟ ನೋಡಿ

ಕಾಟ್ಸ್‌ವಲ್ಡ್ಸ್ ಒಂದು ಬದಿ ಎತ್ತಿಟ್ಟ ಮಣೆಯ ಹಾಗೆ. ಪಶ್ಚಿಮದ ಅಂಚು ಕಡಿದು. ಅತಿ ಎತ್ತರದ ಕ್ಲೀವ್ ಹಿಲ್, 330 ಮೀಟರ್, ಅಲ್ಲೇ ಇದೆ. ಅಲ್ಲಿಂದ ಆಗ್ನೇಯಕ್ಕೆ ನೆಲ ನಿಧಾನವಾಗಿ ಇಳಿಯುತ್ತದೆ. ವಿಂಡ್‌ರಷ್, ಕೋಲ್ನ್, ಲೀಚ್ ಹೊಳೆಗಳೂ ಅದೇ ದಿಕ್ಕಿಗೆ ಹರಿದು ಥೇಮ್ಸ್ ಸೇರುತ್ತವೆ. ಹಾಗಾಗಿ ಹೊಳೆಯ ಗುಂಟ ಹೋದರೆ ಸಲೀಸು. ಹೊಳೆಗಳನ್ನು ಅಡ್ಡ ದಾಟುತ್ತ ಹೋದರೆ ಪ್ರತಿ ಕಣಿವೆಗೂ ಒಂದು ಇಳಿತ, ಒಂದು ಏರು. ಮೊದಲ ಸಲ ಹೋಗುವವರು ಹೊಳೆಯ ಗುಂಟವೇ ಹೋಗಲಿ.

3. ದೊಡ್ಡ ರಸ್ತೆ ದಾಟುವ ಜಾಗಗಳನ್ನು ಮೊದಲು ಆರಿಸಿ

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಚೆಂದದ ಊರುಗಳನ್ನು ಮೊದಲು ಆರಿಸಿ, ಅವನ್ನು ರಸ್ತೆಯಿಂದ ಜೋಡಿಸಲು ಹೋಗುತ್ತಾರೆ. ಅದನ್ನು ತಿರುಗಿಸಿ ಮಾಡಬೇಕು.

ಒಂದು ಕೆಂಪು ಪೆನ್ಸಿಲ್ ತೆಗೆದುಕೊಂಡು ಎಲ್ಲ 'ಎ' ರಸ್ತೆಗಳ, ಅಂದರೆ 'ಎ' ಅಕ್ಷರದ ಸಂಖ್ಯೆ ಇರುವ ಮುಖ್ಯ ರಸ್ತೆಗಳ ಮೇಲೂ ಗೆರೆ ಎಳೆಯಿರಿ. ಎ429, ಎ424, ಎ436, ಎ44, ಎ40. ನಕ್ಷೆ ಈಗ ಹಲವು ತುಂಡುಗಳಾಗಿ ಕಾಣುತ್ತದೆ. ಒಂದೊಂದು ತುಂಡಿನ ಒಳಗೆ ತೆಳು ಹಳದಿ ದಾರಿಗಳು ಸಾಮಾನ್ಯವಾಗಿ ಶಾಂತವೇ. ತೊಂದರೆ ಇರುವುದು ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ. ಆದ್ದರಿಂದ ದಾಟುವ ಜಾಗ ಮೊದಲು, ಊರು ಆಮೇಲೆ.

ಒಳ್ಳೆಯ ದಾಟು ಎಂದರೆ ನಿಮ್ಮ ಸಣ್ಣ ದಾರಿ ದೊಡ್ಡ ರಸ್ತೆಗೆ ಬಂದು ಸೇರುವ ಜಾಗದ ಸರಿ ಎದುರಿಗೇ ಇನ್ನೊಂದು ಸಣ್ಣ ದಾರಿ ಶುರುವಾಗಬೇಕು. ನಿಂತು, ಎರಡೂ ಕಡೆ ನೋಡಿ, ನೇರ ದಾಟಿಬಿಟ್ಟರೆ ಮುಗಿಯಿತು. ಆದರೆ ಎಷ್ಟೋ ಕಡೆ ಎದುರಿನ ದಾರಿ ಸ್ವಲ್ಪ ಆಚೀಚೆ ಇರುತ್ತದೆ. ಆಗ ಅದು ನಿಮ್ಮ ಬಲಕ್ಕಿದೆಯೋ ಎಡಕ್ಕಿದೆಯೋ ಎನ್ನುವುದು ಬಹಳ ಮುಖ್ಯ.

ಬಲಕ್ಕಿದ್ದರೆ ಒಪ್ಪಬಹುದು. ಸಣ್ಣ ದಾರಿಯ ಬಾಯಲ್ಲೇ ನಿಂತು, ಎರಡೂ ಕಡೆ ಖಾಲಿಯಾಗುವ ತನಕ ಕಾಯಿರಿ. ಬಲಕ್ಕೆ ತಿರುಗಿ ದೊಡ್ಡ ರಸ್ತೆ ಸೇರಿ, ಸ್ವಲ್ಪ ದೂರ ಹೋಗಿ ಎಡಕ್ಕೆ ಇಳಿದುಬಿಡಿ. ಕಾಯುವುದೆಲ್ಲ ಸುರಕ್ಷಿತ ಜಾಗದಲ್ಲೇ ಆಗಿಹೋಗುತ್ತದೆ. ಎಡಕ್ಕಿದ್ದರೆ ಹಾಗಲ್ಲ. ದೊಡ್ಡ ರಸ್ತೆಗೆ ಎಡಕ್ಕೆ ಸೇರುವುದು ಸುಲಭ. ಆಮೇಲೆ ಬಲಕ್ಕೆ ತಿರುಗಲು ರಸ್ತೆಯ ನಡುವೆ ನಿಲ್ಲಬೇಕಾಗುತ್ತದೆ, ಹಿಂದಿನಿಂದ ಕಾರುಗಳು ಬರುತ್ತಿರುತ್ತವೆ. ಮಕ್ಕಳ ಜೊತೆ ಹೋಗುವವರು ಅಂಥ ದಾಟನ್ನು ಹಾಕಲೇಬೇಡಿ. ಬೇರೆ ಜಾಗ ಸಿಗದಿದ್ದರೆ ಸೈಕಲ್ ಇಳಿದು, ಅಂಚಿನ ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗಿ, ಎದುರಿನ ದಾರಿಗೆ ನೇರವಾಗಿ ಬಂದಮೇಲೆ ದಾಟಿ.

ವೇಗದ ಲೆಕ್ಕವೂ ಗೊತ್ತಿರಲಿ. ಊರ ಹೊರಗೆ, ನಡುವೆ ವಿಭಜಕವಿಲ್ಲದ ಇಂಥ ರಸ್ತೆಯಲ್ಲಿ ಬೇರೆ ಫಲಕ ಇಲ್ಲದಿದ್ದರೆ ಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ನೀವು ದಾಟುವ 5 ಸೆಕೆಂಡಿನಲ್ಲಿ ಕಾರು 130 ಮೀಟರ್‌ಗೂ ಹೆಚ್ಚು ಬಂದಿರುತ್ತದೆ. ಅಷ್ಟು ದೂರ ಕಾಣದ ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ ದಾಟು ಬೇಡ. ಎ429 ರೋಮನ್ನರ ಕಾಲದ ಫಾಸ್ ವೇ, ಗೆರೆ ಎಳೆದಷ್ಟು ನೇರ. ಆದರೆ ನೇರ ಎಂದು ನಂಬಬೇಡಿ. ನೆಲ ಏರಿಳಿಯುವ ಕಡೆ ತಗ್ಗಿನಲ್ಲಿರುವ ಕಾರು ಕಾಣಿಸದೇ ಹೋಗುತ್ತದೆ. ಪ್ರತಿ ದಾಟನ್ನೂ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ನೋಡಿಕೊಳ್ಳಿ. ಈ ಒಂದು ಕೆಲಸಕ್ಕೆ ಫೋನು ನಿಜಕ್ಕೂ ಉಪಯೋಗ.

4. ತುಂಡಿನ ಒಳಗಿನ ದಾರಿ ಜೋಡಿಸಿ

ಕಾರಿನವರಿಗೆ ಲಾಭವಿಲ್ಲದ ದಾರಿಯೇ ನಿಮಗೆ ಒಳ್ಳೆಯ ದಾರಿ. ಸೊಟ್ಟಗೆ ಸುತ್ತಿ, ಎರಡು ಮೂರು ಹಳ್ಳಿ ಮುಟ್ಟಿ ಹೋಗುವಂಥದ್ದನ್ನು ಹಿಡಿಯಿರಿ. ತೆಳು ಹಳದಿಯೇ ಆದರೂ ಎರಡು ದೊಡ್ಡ ರಸ್ತೆಗಳ ನಡುವೆ ನೇರ ಕೊಂಡಿಯಾಗಿದ್ದರೆ ಅನುಮಾನಪಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಕೆಲಸಕ್ಕೆ ಓಡುವವರೆಲ್ಲ ಅದರಲ್ಲೇ ನುಗ್ಗುತ್ತಾರೆ. ಸ್ಟ್ರೀಟ್ ವ್ಯೂನಲ್ಲಿ ರಸ್ತೆ ಮಧ್ಯೆ ಬಿಳಿ ಗೆರೆ ಕಂಡರೆ ಬಿಡಿ, ಮಧ್ಯೆ ಹುಲ್ಲು ಕಂಡರೆ ಹಿಡಿಯಿರಿ.

ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನ ಬಣ್ಣದ ನಕ್ಷೆ ನೋಡಿ ದಾರಿ ಆರಿಸುವವರಿದ್ದಾರೆ. ಅದು ತೋರಿಸುವುದು ಜನ ಎಲ್ಲಿ ಸೈಕಲ್ ಹೊಡೆಯುತ್ತಾರೆ ಎಂದು, ಎಲ್ಲಿ ಕಾರು ಕಡಿಮೆ ಎಂದಲ್ಲ. ನೀಲಿ ಫಲಕದ ರಾಷ್ಟ್ರೀಯ ಸೈಕಲ್ ಜಾಲವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದನ್ನು ನೋಡಿಕೊಳ್ಳುವ, ಆಗ ಸಸ್ಟ್ರಾನ್ಸ್ ಎಂಬ ಹೆಸರಿದ್ದ ಸಂಸ್ಥೆಯೇ 2020ರಲ್ಲಿ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ತೆಗೆಯಿತು ಅಥವಾ ಬೇರೆ ವರ್ಗಕ್ಕೆ ಸೇರಿಸಿತು. ವಾಹನ ದಟ್ಟಣೆಯೇ ಮುಖ್ಯ ಕಾರಣ. ಆ್ಯಪ್ ಬೇಕೇ ಬೇಕು ಎನ್ನುವವರಿಗೆ ಸೈಕಲ್ ಡಾಟ್ ಟ್ರಾವೆಲ್ ಸಾಕು. ಶಾಂತ ದಾರಿಗಳಿಗೇ ಒಲವು ತೋರಿಸುವ ಹಾಗೆ ಅದನ್ನು ಮಾಡಿದ್ದಾರೆ.

ನಕ್ಷೆಯಲ್ಲಿ ಚುಕ್ಕಿ ಗೆರೆಯ ಕಾಲುದಾರಿ ಕಂಡು ಅಡ್ಡ ಹಾಯುವ ಆಸೆ ಬೇಡ. ಅಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ಉದ್ದ ಗೆರೆಗಳ ಬ್ರೈಡಲ್‌ವೇ, ಅಂದರೆ ಕುದುರೆ ದಾರಿಯಲ್ಲಿ 1968ರ ಕಾನೂನಿನಂತೆ ಸೈಕಲ್ ಹೋಗಬಹುದು. ಮಳೆ ಬಂದ ಮೇಲೆ ಮಾತ್ರ ಅಲ್ಲಿ ಬರೀ ಕೆಸರು.

5. ಒಂದು ಮಾದರಿ

ಮೋರ್ಟನ್ ರೈಲು ನಿಲ್ದಾಣದಿಂದ ಈವನ್‌ಲೋಡ್, ಬ್ರಾಡ್‌ವೆಲ್. ಎ429 ದಾಟಿ ಡಾನಿಂಗ್ಟನ್, ಎ424 ದಾಟಿ ಅಪ್ಪರ್ ಸ್ವೆಲ್, ಲೋವರ್ ಸ್ವೆಲ್. ಅಲ್ಲಿಂದ ಅಪ್ಪರ್ ಸ್ಲಾಟರ್, ನಾಂಟನ್, ಗೈಟಿಂಗ್ ಪವರ್. ವಾಪಸ್ ಕಿನೆಟನ್, ಕಾಂಡಿಕೋಟ್ ಮೇಲೆ. ಅರ್ಧ ದಿನಕ್ಕೆ ಹದವಾದ ಸುತ್ತು. ಸ್ಟೋ-ಆನ್-ದ-ವೋಲ್ಡ್ ಊರೊಳಗೆ ಹೋಗಿಲ್ಲ, ಗಮನಿಸಿ. ಈ ಭಾಗದ ಹಲವು ದೊಡ್ಡ ರಸ್ತೆಗಳು ಅಲ್ಲೇ ಕೂಡುತ್ತವೆ. ಬೋರ್ಟನ್-ಆನ್-ದ-ವಾಟರ್ ಕೂಡ ಬೇಡ. ಶನಿವಾರ, ಭಾನುವಾರ ಅಲ್ಲಿ ಪ್ರವಾಸಿ ಬಸ್ಸುಗಳ ಜಾತ್ರೆ.

ಕೊನೆಯಲ್ಲಿ ಸುಸ್ತಾಗಿ, "ಫಾಸ್ ವೇನಲ್ಲಿ ನೇರ ಹೋದರೆ ಸ್ಟೋ ಕಡೆಯಿಂದ ಮೋರ್ಟನ್ನಿಗೆ ಆರೂವರೆ ಕಿ.ಮೀ. ಅಷ್ಟೇ ಅಲ್ವಾ" ಅನ್ನಿಸುತ್ತದೆ. ಬೇಡ. ಬಂದ ದಾರಿಯಲ್ಲೇ ಬ್ರಾಡ್‌ವೆಲ್, ಈವನ್‌ಲೋಡ್ ಮೇಲೆ ವಾಪಸ್ ಬನ್ನಿ. ಸುಸ್ತಾದಾಗ ದಾರಿ ಬದಲಿಸುವುದೇ ಅಪಾಯ.

6. ಹೊತ್ತು, ಗಾಳಿ, ಟೈರು

ಭಾನುವಾರ ಬೆಳಿಗ್ಗೆ ಬೇಗ ಹೊರಡಿ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಮೇಲಿನ ಸುತ್ತಿನಲ್ಲಿ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.

ಟೈರು 32 ಮಿ.ಮೀ. ಇರಲಿ. ಅಂಗಡಿಯವರು ಸಪೂರ ಟೈರೇ ವೇಗ ಎಂದರೆ ಕೇಳಬೇಡಿ. ರೈತರು ಬೇಲಿಗಿಡ ಕತ್ತರಿಸಲು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ನಿರ್ಬಂಧ ಇದೆ. ಸೆಪ್ಟೆಂಬರ್ ಬಂತೆಂದರೆ ಕತ್ತರಿಸಿದ ಹಾಥಾರ್ನ್ ಮುಳ್ಳು ದಾರಿತುಂಬ. ಎರಡು ಟ್ಯೂಬು, ಪಂಪು ಇಲ್ಲದೆ ಹೊರಡಬೇಡಿ. ರಬ್ಬರ್ ಪಟ್ಟಿಯ ಅಗ್ಗದ ಫೋನ್ ಹೋಲ್ಡರ್ ಮಾತ್ರ ಕೊಳ್ಳಬೇಡಿ. ಮೊದಲ ಗುಂಡಿಗೇ ಫೋನು ನೆಲಕ್ಕೆ.

ರೈಲಿನಲ್ಲಿ ಸೈಕಲ್ ಜಾಗ ಮೊದಲೇ ಕಾಯ್ದಿರಿಸಿ, ದುಡ್ಡು ಕೊಡಬೇಕಿಲ್ಲ. ಹಳ್ಳಿ ಪಬ್ಬಿನ ಅಡುಗೆಮನೆ ಮಧ್ಯಾಹ್ನ ಬೇಗ ಮುಚ್ಚುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಚಪಾತಿ ಸುರುಳಿ ಕೆಡುವುದಿಲ್ಲ.

7. ದಾರಿಯಲ್ಲಿ

ಕಿರಿದಾದ ಕಡೆ ನಿಮ್ಮ ಲೇನಿನ ನಡುವೆ ಹೋಗಿ. ಬ್ರಿಟನ್ನಿನ ರಸ್ತೆ ನಿಯಮಾವಳಿ, 2022ರ ಹೈವೇ ಕೋಡ್, ಅದನ್ನೇ ಹೇಳುತ್ತದೆ. ಕಾರು ಬಂದರೆ ಅಗಲವಾದ ಜಾಗ ನೋಡಿ ನಿಂತು ದಾರಿ ಬಿಡಿ, ಒಂದು ಕೈ ಎತ್ತಿ. ಕುದುರೆ ಸವಾರರು ಸಿಕ್ಕರೆ ದೂರದಿಂದಲೇ "ಹಲೋ" ಎಂದು ಕೂಗಿ, ನಿಧಾನ ಮಾಡಿ. ಕುದುರೆಯ ಎಡಬದಿಯಿಂದ ನುಸುಳಬೇಡಿ. ಅಪ್ಪರ್ ಸ್ಲಾಟರ್‌ನಲ್ಲಿ ಹೊಳೆಯ ನೀರು ದಾರಿಯ ಮೇಲೇ ಹರಿಯುವ ಜಾಗ ಇದೆ. ತಳದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಇಳಿದು, ಪಕ್ಕದ ಕಾಲುಸೇತುವೆ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿ.