ಅಪ್ಪನಿಗೆ ಮಾರನೇ ದಿನದ ಪಂದಿ ಕರಿ

ಅಪ್ಪ ತೀರಿಕೊಂಡು ಈ ಜೂನ್‌ಗೆ ಮೂರು ವರ್ಷ. ಪ್ರತಿ ವರ್ಷ ಆ ದಿನ ಅವರಿಗಿಷ್ಟದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ನಾನೇ ಮಾಡಿ ಮೀದಿ ಇಡಬೇಕು ಅಂದುಕೊಂಡಿದ್ದೆ. ಮೀದಿ ಅಂದರೆ ನಾವು ಕೊಡವರು ತೀರಿಹೋದ ಹಿರಿಯರಿಗೆ ಇಡುವ ಎಡೆ. ಮೊದಲ ವರ್ಷ ಮಾಡಿದೆ, ಕೆಟ್ಟಿತು. ಎರಡನೇ ವರ್ಷ ಪರವಾಗಿಲ್ಲ ಅನ್ನುವ ಹಾಗಿತ್ತು. ಈ ಸಲ ಸರಿಯಾಯಿತು.

ನಮ್ಮದು ವಿರಾಜಪೇಟೆ ಕಡೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಮನೆಯಲ್ಲಿ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಆಗಲೇಬೇಕು. ಎಲ್ಲರೂ ಮೂರು ಸಲ ಬಡಿಸಿಕೊಂಡು ತಿನ್ನುತ್ತಿದ್ದರೆ ಅಪ್ಪ ಎರಡು ತುಂಡು ಬಾಯಿಗೆ ಹಾಕಿಕೊಂಡು ಕೈ ತೊಳೆಯುತ್ತಿದ್ದರು. ಅವ್ವ ಸಿಟ್ಟಾದರೆ 'ಬೆಂದಿದೆ, ಇನ್ನೂ ಕರಿ ಆಗಿಲ್ಲ' ಅನ್ನುತ್ತಿದ್ದರು. ಮಾರನೇ ಬೆಳಿಗ್ಗೆ ನೋಡಬೇಕಿತ್ತು ಅವರನ್ನು. ಪಾತ್ರೆಯ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು, ಅದನ್ನು ಸೌಟಿನಲ್ಲಿ ಒಡೆದು, ಸಣ್ಣ ಬಾಣಲೆಗೆ ಒಂದಿಷ್ಟು ಹಾಕಿಕೊಂಡು, ಒಲೆಯ ಮುಂದೆ ಕೂತು ತಾವೇ ಬಿಸಿ ಮಾಡಿ ಅಕ್ಕಿ ಒಟ್ಟಿಯ (ನಮ್ಮ ಅಕ್ಕಿ ರೊಟ್ಟಿ) ಜೊತೆ ತಿನ್ನುತ್ತಿದ್ದರು. ನಾವು ಮಕ್ಕಳು ತಟ್ಟೆಯ ಅಂಚಿಗೆ ತಳ್ಳಿದ ಚರ್ಮದ ತುಂಡುಗಳೂ ಅವರಿಗೇ ಹೋಗುತ್ತಿದ್ದವು.

ಇಷ್ಟು ಗೊತ್ತಿದ್ದೂ ಎರಡು ವರ್ಷ ನಾನು ಅದೇ ದಿನ ಬೆಳಿಗ್ಗೆ ಮಾಡಿ, ಮಧ್ಯಾಹ್ನ ಮೀದಿ ಇಟ್ಟೆ. ಅಪ್ಪ ಎರಡೇ ತುಂಡು ತಿನ್ನುತ್ತಿದ್ದ ಕರಿಯನ್ನೇ ಅವರಿಗೆ ಇಟ್ಟ ಹಾಗಾಯಿತು ಅಲ್ವಾ? ಇದು ಹೊಳೆಯೋಕೆ ಅಕ್ಕ ಫೋನಿನಲ್ಲಿ ಬೈಯಬೇಕಾಯಿತು. 'ಯಾರಿಗೋ ಇಡೋದು, ನಿನಗಾ ಅಪ್ಪನಿಗಾ? ಹಿಂದಿನ ದಿನವೇ ಮಾಡು.'

ಮೊದಲ ವರ್ಷದ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಒಂದು, ಕುಕ್ಕರ್. ನಾಲ್ಕು ವಿಷಲ್ ಕೂಗಿಸಿದೆ, ಮಾಂಸ ನಾರುನಾರಾಗಿ ಬಿಟ್ಟುಕೊಂಡಿತು, ಕೊಬ್ಬು ಕರಗಿ ಸಾರಿನಲ್ಲಿ ಸೇರಿಹೋಯಿತು. ಎರಡು, ಮಸಾಲೆಯನ್ನು ಹೆದರಿ ಹೆದರಿ ಹುರಿದೆ, ಎಲ್ಲಿ ಸೀದುಹೋಗುತ್ತೋ ಅಂತ, ಕೊನೆಗೆ ಬಣ್ಣ ಮಾಮೂಲಿ ಕುರ್ಮಾದ ಹಾಗೆ ಕಂದು. ಮೂರು, ಹುಳಿಗೆ ಹಾಕುವ ಕಾಚಂಪುಳಿ. ಇಲ್ಲಿ ಮೈಸೂರಿನಲ್ಲಿ ಒಂದು ಅಂಗಡಿಯಿಂದ ತಂದ ಬಾಟಲಿ, ಮುಚ್ಚಳ ತೆಗೆದರೆ ಬರೀ ವಿನಿಗರ್ ವಾಸನೆ, ನೀರಿನ ಹಾಗೆ ತೆಳ್ಳಗೆ. ಒಳ್ಳೆ ಕಾಚಂಪುಳಿ ಜೋನಿಬೆಲ್ಲದ ಹಾಗೆ ಚಮಚಕ್ಕೆ ಅಂಟಿಕೊಂಡು ನಿಧಾನಕ್ಕೆ ಇಳಿಯಬೇಕು, ಬಣ್ಣ ಕಪ್ಪು, ಮೂಗಿಗೆ ಹಣ್ಣಿನ ಹುಳಿಯ ಜೊತೆ ಸ್ವಲ್ಪ ಹೊಗೆ ಹೊಡೆಯಬೇಕು.

ಕಾಚಂಪುಳಿ ಗೊತ್ತಿಲ್ಲದವರಿಗೆ: ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಹಣ್ಣು. ಮಳೆಗಾಲದಲ್ಲಿ ಹಣ್ಣಾಗಿ ಬಿದ್ದದ್ದನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕಿದರೆ ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ, ಅದನ್ನು ಗಟ್ಟಿಯಾಗುವ ತನಕ ಕುದಿಸಿ ಇಳಿಸಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಕೇರಳದವರು ಮೀನಿಗೆ ಹಾಕುವ ಕೊಡಂಪುಳಿ ಇದೇ ಹಣ್ಣನ್ನು ಒಣಗಿಸಿದ್ದು. ತಮಾಷೆ ಅಂದರೆ, ತೂಕ ಇಳಿಸೋಕೆ ಅಂತ ಮಾರುವ ಗಾರ್ಸಿನಿಯಾ ಮಾತ್ರೆಗೂ ಇದೇ ಹಣ್ಣು. ನಾವು ಅದನ್ನು ಹಂದಿ ಕೊಬ್ಬಿಗೆ ಹಾಕಿ ತಿನ್ನುತ್ತೇವೆ.

ಈ ಸಲ ಅಕ್ಕ ಗೋಣಿಕೊಪ್ಪದಿಂದ ಒಂದು ಸಣ್ಣ ಬಾಟಲಿ ಕಳಿಸಿದ್ದಳು. ಮಾಂಸ ಒಂದೂವರೆ ಕೆಜಿ ತಂದೆ. ಅಂಗಡಿಯವನು ಒಳ್ಳೇದು ಮಾಡುತ್ತೇನೆ ಅಂತ ಕೊಬ್ಬು ಸವರೋಕೆ ಹೊರಟ, ತಡೆದೆ. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರಬೇಕು. ಗಾತ್ರ ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು. ತೊಳೆದು ನೀರು ಬಸಿದು ಉಪ್ಪು, ಒಂದು ಚಮಚ ಅರಿಶಿನ, ಎರಡು ಚಮಚ ಖಾರದ ಪುಡಿ ಸವರಿ ಒಂದು ಗಂಟೆ ಇಟ್ಟೆ.

ಐದು ಈರುಳ್ಳಿ, ಎರಡು ಗಡ್ಡೆ ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ಎಂಟು ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಇವನ್ನು ತರಿತರಿಯಾಗಿ ರುಬ್ಬಿಕೊಂಡೆ. ದಪ್ಪ ತಳದ ಸ್ಟೀಲ್ ಪಾತ್ರೆಗೆ ಮಾಂಸ, ರುಬ್ಬಿದ್ದು ಎಲ್ಲ ಒಟ್ಟಿಗೆ. ಎಣ್ಣೆ ಬೇಡವೇ ಬೇಡ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಮೊದಲು ಮಾಂಸವೇ ನೀರು ಬಿಡುತ್ತದೆ, ಆಮೇಲೆ ಅರ್ಧ ಲೋಟ ಬಿಸಿನೀರು ಸೇರಿಸಿದೆ ಅಷ್ಟೆ. ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಚರ್ಮಕ್ಕೆ ಉಗುರು ಒತ್ತಿದರೆ ಗುರುತು ಬೀಳಬೇಕು, ಆಗ ಬೆಂದ ಹಾಗೆ.

ಅದು ಬೇಯುವಾಗ ಪುಡಿ. ಮೂರು ಚಮಚ ಕೊತ್ತಂಬರಿ ಬೀಜ, ಒಂದೂವರೆ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಒಂದು ಚಮಚ ಸಾಸಿವೆ, ನಾಲ್ಕೇ ನಾಲ್ಕು ಕಾಳು ಮೆಂತ್ಯ. ಇಲ್ಲಿ ಅಕ್ಕನನ್ನು ಫೋನಿನಲ್ಲಿ ಇಟ್ಟುಕೊಂಡೇ ಹುರಿದೆ. ಕೊತ್ತಂಬರಿ ಕೆಂಪಾಯಿತು ಅಂದೆ, ಇನ್ನೂ ಹುರಿ ಅಂದಳು. ಸಾಸಿವೆ ಸಿಡಿಯಿತು, ಇನ್ನೂ ಅಂದಳು. ಹೊಗೆ ಏಳುತ್ತಿದೆ ಅಂದೆ. 'ಹೊಗೆ ಬಿಳಿಯಾ ನೀಲಿಯಾ?' ಅಂದಳು. ಈ ಪ್ರಶ್ನೆ ಯಾವ ವಿಡಿಯೋದಲ್ಲೂ ಕೇಳಿರಲಿಲ್ಲ! ತೆಳು ನೀಲಿ ಹೊಗೆ ಬಂದು, ಕಾಳುಗಳು ಕಾಫಿ ಬೀಜದ ಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ ತಟ್ಟೆಗೆ ಸುರಿದೆ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದು ಕಹಿಯಾಗುತ್ತದೆ. ಹೊರಗೆ ಜೋರು ಮಳೆ, ಕಿಟಕಿ ತೆಗೆಯುವ ಹಾಗಿಲ್ಲ, ಹೆಂಡತಿ ಮಗಳು ಇಬ್ಬರೂ ಕೆಮ್ಮುತ್ತಾ ರೂಮಿಗೆ ಓಡಿದರು.

ಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಕೊನೆಗೆ ಎರಡು ಚಮಚ ಕಾಚಂಪುಳಿ. ಎರಡನೇ ವರ್ಷ ಮೊದಲೇ ಹಾಕಿದ್ದೆ, ಚರ್ಮ ರಬ್ಬರಿನ ಹಾಗೆ ನಿಂತಿತ್ತು. ಹಾಕಿದ ತಕ್ಷಣ ಕಂದು ಇದ್ದದ್ದು ಕರ್ರಗಾಯಿತು. ಐದು ನಿಮಿಷ ಬಿಟ್ಟು ಒಲೆ ಆರಿಸಿದೆ. ರುಚಿ ನೋಡಿದರೆ ಹುಳಿ ಬೇರೆ, ಖಾರ ಬೇರೆ, ಉಪ್ಪು ಬೇರೆ, ಒಂದಕ್ಕೊಂದು ಪರಿಚಯವೇ ಇಲ್ಲದ ಹಾಗೆ. ಬೆಂದಿದೆ, ಕರಿ ಆಗಿಲ್ಲ. ಸುಮ್ನೆ ಮುಚ್ಚಿದೆ. ಊರಿನ ಚಳಿಗೆ ಒಲೆಯ ಪಕ್ಕ ಇಟ್ಟರೂ ನಡೆಯುತ್ತಿತ್ತು. ಇಲ್ಲಿ ಆ ಧೈರ್ಯ ಬೇಡ ಅಂತ ಆರಿಸಿ ಫ್ರಿಜ್‌ಗೆ ಇಟ್ಟೆ.

ಬೆಳಿಗ್ಗೆ ತೆಗೆದರೆ ಮೇಲೆ ಒಂದು ಬೆರಳು ದಪ್ಪ ಬಿಳಿ ಕೊಬ್ಬು. ಅದನ್ನು ಸೌಟಿನಲ್ಲಿ ಒಡೆದಾಗ ಬಂದ ಸದ್ದು, ಮಂಜುಗಡ್ಡೆ ಬಿರುಕು ಬಿಟ್ಟ ಹಾಗಿನ ಸಣ್ಣ ಸದ್ದು, ಅದನ್ನು ಕೇಳಿ ಸ್ವಲ್ಪ ಹೊತ್ತು ಕೈ ಆಡಲಿಲ್ಲ.

ಕಡಂಬುಟ್ಟು ಹೆಂಡತಿ ಮಾಡಿದಳು. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು, ಬೆಂದ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಇಪ್ಪತ್ತು ನಿಮಿಷ. ನಾನು ಒಂದೇ ಒಂದು ಅಕ್ಕಿ ಒಟ್ಟಿ ತಟ್ಟಿದೆ, ಗುಂಡಗೆ ಬರಲಿಲ್ಲ. ಊರಿನಲ್ಲಾದರೆ ಮನೆಯ ನಡುಕೋಣೆ ನೆಲ್ಲಕ್ಕಿಯಲ್ಲಿ ತೂಗುದೀಪದ ಕೆಳಗೆ ಇಡಬೇಕಾದದ್ದು, ಇಲ್ಲಿ ಹಾಲ್‌ನ ಮೂಲೆಯಲ್ಲಿ ಒಂದು ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಒಟ್ಟಿ, ಕಡಂಬುಟ್ಟು, ಬಿಸಿ ಮಾಡಿದ ಕರಿ, ಪಕ್ಕದಲ್ಲಿ ಸಣ್ಣ ಲೋಟದಲ್ಲಿ ಬ್ರಾಂದಿ. ಚರ್ಮದ ತುಂಡುಗಳನ್ನೇ ಆರಿಸಿ ಹಾಕಿದ್ದೆ.

ಆಮೇಲೆ ನಾವು ಊಟಕ್ಕೆ ಕೂತೆವು. ಹುಳಿ, ಖಾರ, ಉಪ್ಪು ಎಲ್ಲ ಸೇರಿ ಒಂದೇ ಆಗಿತ್ತು. ಮಗಳು ಚರ್ಮದ ತುಂಡುಗಳನ್ನು ತಟ್ಟೆಯ ಅಂಚಿಗೆ ತಳ್ಳಿ ಕೂತಿದ್ದಳು. 'ಬೇಡ್ವಾ? ಕೊಡು ಇಲ್ಲಿ' ಅಂದೆ. ಮೂರನೇ ದಿನಕ್ಕೆ ಏನೂ ಉಳಿಯಲಿಲ್ಲ.